ಎಣ್ಣೆ ಹಚ್ಚಿಟ್ಟರೂ ಕೇಪಿನ ಬಂದೂಕಿಗೆ ತುಕ್ಕು ಹಿಡಿಯೋದು ಯಾಕೆ?

ಓದುಗರ ಪ್ರಶ್ನೆ: “ನಮ್ದು ಖಾನಾಪುರ ಕಡೆ ಹಳ್ಳಿ ರೀ. ಬೆಳಿ ಕಾಯಾಕಂತ ಅಪ್ಪನ ಹೆಸರಿನ್ಯಾಗ ಲೈಸನ್ಸ್ ಇರೋ ಕೇಪಿನ ಬಂದೂಕು ಐತಿ. ಹಾರಿಸಿದ ಮ್ಯಾಲ ಒಣ ಅರಿವಿಲೆ ಒರಸಿ, ಚಲೋತ್ನಾಗ ಎಣ್ಣಿ ಹಚ್ಚಿ ಇಡ್ತೀವಿ. ಒಂದು ಹನಿ ನೀರು ಸೈತ ತಾಗಸೂದಿಲ್ಲ. ಆದ್ರೂ ಮಳಿಗಾಲ ಮುಗಿಯೂದ್ರಾಗ ನಳಿಗಿ ಒಳಗ ಕೆಂಪನ ತುಕ್ಕು. ಹಿಂಗ್ಯಾಕ್ರಿ?”

ಒಂದು ಹನಿ ನೀರೂ ತಾಗಿಸದೆ ಇಡುತ್ತೀರಲ್ಲ, ತುಕ್ಕಿಗೆ ಕಾರಣ ಅದೇ. ಕೇಳಲು ವಿಚಿತ್ರ ಅನ್ನಿಸಬಹುದು. ಕೇಪಿನ ಬಂದೂಕು ಅಂದರೆ ಬಾಯಿಂದ ಮದ್ದು ಸುರಿದು, ಗಜ ಎಂಬ ಉದ್ದನೆಯ ಸರಳಿನಿಂದ ಜಡಿದು, ಕೇಪು ಎಂಬ ಸಣ್ಣ ಸಿಡಿಯುವ ಟೊಪ್ಪಿಗೆಯಿಂದ ಹೊತ್ತಿಸಿ ಹಾರಿಸುವ ಬಂದೂಕು. ಅದನ್ನು ಮೊದಲು ನೀರಿನಿಂದ ತೊಳೆಯಬೇಕು. ಎಣ್ಣೆ ಆಮೇಲಿನ ಮಾತು. ತೊಳೆಯದೆ ಎಣ್ಣೆ ಹಚ್ಚಿದರೆ ತುಕ್ಕು ತರುವ ವಸ್ತು ಎಣ್ಣೆಯ ಕೆಳಗೆ ಹಾಗೇ ಉಳಿದುಬಿಡುತ್ತದೆ.

ಈ ಬಂದೂಕಿಗೆ ಹಾಕುವ ಕರಿಮದ್ದಿನಲ್ಲಿ ಇರುವುದು ಪೆಟ್ಲುಪ್ಪು, ಇದ್ದಿಲು, ಗಂಧಕ. ಇವು ಸುಟ್ಟಾಗ ಎಲ್ಲವೂ ಅನಿಲವಾಗಿ ಹೋಗುವುದಿಲ್ಲ. ಮದ್ದಿನ ತೂಕದ ಅರ್ಧಕ್ಕಿಂತ ಜಾಸ್ತಿ ಪಾಲು ಗಟ್ಟಿ ಪದಾರ್ಥವಾಗಿಯೇ ಉಳಿಯುತ್ತದೆ. ಸ್ವಲ್ಪ ದಟ್ಟ ಬಿಳಿ ಹೊಗೆಯ ಜೊತೆ ಹೊರಗೆ ಹಾರುತ್ತದೆ. ಮಿಕ್ಕಿದ್ದು ನಳಿಗೆಯ ಒಳಗೆ ಕಪ್ಪಗೆ ಮೆತ್ತಿಕೊಳ್ಳುತ್ತದೆ. ನೋಡಲು ಬರೀ ಮಸಿ. ಆದರೆ ಅದರಲ್ಲಿ ಜಾಸ್ತಿ ಇರುವುದು ಪೊಟ್ಯಾಸಿಯಂ ಕಾರ್ಬೊನೇಟ್, ಸಲ್ಫೇಟ್, ಸಲ್ಫೈಡ್ ಎಂಬ ಲವಣಗಳು. ಇವುಗಳಲ್ಲಿ ಕಾರ್ಬೊನೇಟ್ ಗಾಳಿಯ ತೇವವನ್ನು ಜೋರಾಗಿ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಡಬ್ಬಿ ನೀರೊಡೆಯುತ್ತದಲ್ಲ, ಹಾಗೆ. ಹಳೆಯ ಬಗೆಯ ಕೇಪುಗಳಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಸುಟ್ಟರೆ ಉಳಿಯುವುದು ಅಡುಗೆ ಉಪ್ಪಿನ ಜಾತಿಯದೇ ಇನ್ನೊಂದು ಲವಣ. ಕಬ್ಬಿಣಕ್ಕೆ ಅದು ಇನ್ನೂ ಕೆಟ್ಟದ್ದು.

ಈ ಲವಣಗಳು ನೀರಿನಲ್ಲಿ ಸಲೀಸಾಗಿ ಕರಗುತ್ತವೆ. ಎಣ್ಣೆಯಲ್ಲಿ ಕರಗುವುದೇ ಇಲ್ಲ. ಒಣ ಬಟ್ಟೆಯು ಮೇಲ್ಮೇಲಿನ ಮಸಿಯನ್ನಷ್ಟೇ ಎತ್ತುತ್ತದೆ. ನಳಿಗೆಯ ಬುಡಕ್ಕೆ, ಕೇಪು ಕೂರಿಸುವ ನಿಪ್ಪಲ್ಲಿನ ಸಣ್ಣ ತೂತಿಗೆ ಅದು ಮುಟ್ಟುವುದೂ ಇಲ್ಲ.

ಖಾನಾಪುರದ ಮಳೆಗಾಲದ ಗಾಳಿಯಲ್ಲಿ ತೇವ ಎಷ್ಟಿರುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಅಲ್ಲಿ ತೊಳೆಯದ ನಳಿಗೆ ಒಂದೇ ರಾತ್ರಿಯಲ್ಲಿ ಕೆಂಪಗಾಗಬಹುದು. ವಿಜಯಪುರ, ಬಾಗಲಕೋಟೆಯ ಒಣ ಬೇಸಿಗೆಯಲ್ಲಿ ಅದೇ ಬಂದೂಕು ವಾರಗಟ್ಟಲೆ ಚೆನ್ನಾಗೇ ಕಾಣಬಹುದು. ಅದರಿಂದಲೇ ಆ ಕಡೆಯವರು ಮೋಸಹೋಗುತ್ತಾರೆ. ಉಪ್ಪು ಒಳಗೆ ಕಾಯುತ್ತಾ ಇರುತ್ತದೆ. ಜೂನ್ ಬಂದು ಗಾಳಿ ತೇವವಾದ ಕೂಡಲೇ ಕೆಲಸ ಶುರು ಮಾಡುತ್ತದೆ.

ವಿಜಯಪುರದ ಮಲಿಕ್-ಎ-ಮೈದಾನ್ ತೋಪನ್ನು ತೋರಿಸಿ ಕೆಲವರು ವಾದ ಮಾಡುವುದುಂಟು. ಅದೂ ಬಾಯಿಂದಲೇ ಮದ್ದು ತುಂಬುವ ತೋಪು. 1549ರಲ್ಲಿ ಎರಕ ಹೊಯ್ದದ್ದು, ಇವತ್ತಿಗೂ ಬುರುಜಿನ ಮೇಲೆ ಬಯಲಲ್ಲೇ ಇದೆ, ತುಕ್ಕು ಎಲ್ಲಿದೆ ಅಂತ ಕೇಳುತ್ತಾರೆ. ಅದು ಕಂಚಿನದು. ಕಂಚಿಗೆ ಕಬ್ಬಿಣದ ತುಕ್ಕು ಬರುವುದಿಲ್ಲ. ನಮ್ಮ ಬಂದೂಕಿನ ನಳಿಗೆ ಕಬ್ಬಿಣ ಇಲ್ಲವೇ ಉಕ್ಕು. ಎರಡಕ್ಕೂ ಹೋಲಿಕೆ ಸಲ್ಲದು.

‘ಬರೀ ಎಣ್ಣೆ’ ಎಂಬ ರೂಢಿ ಬಂದಿದ್ದು ಕಾಡತೂಸು ಹಾಕುವ ಬಂದೂಕಿನಿಂದ. ಅದರ ಹೊಗೆಯಿಲ್ಲದ ಮದ್ದು ಸುಟ್ಟ ಮೇಲೆ ಉಪ್ಪು ಬಿಡುವುದಿಲ್ಲ. ಅಲ್ಲಿ ಎಣ್ಣೆ ಸಾಕಾಗುತ್ತದೆ. ಇಲ್ಲಿ ಸಾಲದು. ಈ ಮಾತು ಬಂದಾಗಲೇ ಇನ್ನೊಂದು ಹೇಳಬೇಕು. ಕಾಡತೂಸು ಬಿಚ್ಚಿ ಆ ಮದ್ದನ್ನು ಕೇಪಿನ ಬಂದೂಕಿಗೆ ತುಂಬುವ ಯೋಚನೆ ಕನಸಲ್ಲೂ ಬೇಡ. ಅದರ ಒತ್ತಡವೇ ಬೇರೆ. ನಳಿಗೆ ಸೀಳಿ ಕೈ, ಕಣ್ಣು ಹೋಗುತ್ತವೆ. ಮದ್ದನ್ನು ಮನೆಯಲ್ಲಿ ತಯಾರಿಸುವುದೂ ಬೇಡ. ಅದು ಅಪರಾಧ, ಜೀವಕ್ಕೂ ಅಪಾಯ. ಲೈಸನ್ಸ್ ಇರುವ ಅಂಗಡಿಯ ಮದ್ದೇ ಆಗಬೇಕು.

ಇನ್ನು ತೊಳೆಯುವ ಕೆಲಸ. ಎಲ್ಲಕ್ಕಿಂತ ಮೊದಲು ಬಂದೂಕು ಖಾಲಿ ಇದೆಯೇ ನೋಡಿ. ‘ನನಗೆ ಗೊತ್ತು, ಖಾಲಿ ಇದೆ’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ನಿಪ್ಪಲ್ ಮೇಲೆ ಕೇಪು ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಬಾಯಿಯನ್ನು ನಿಮ್ಮ ಕಡೆಗೂ ಬೇರೆಯವರ ಕಡೆಗೂ ತಿರುಗಿಸದೆ, ಗಜವನ್ನು ನಿಧಾನವಾಗಿ ತಳ ಮುಟ್ಟುವವರೆಗೆ ಇಳಿಸಿ. ನಳಿಗೆಯ ಬಾಯಿಯ ಮಟ್ಟಕ್ಕೆ ಗಜದ ಮೇಲೆ ಗುರುತು ಹಾಕಿ. ಹೊರಗೆ ತೆಗೆದು ಅದೇ ಅಳತೆಯನ್ನು ನಳಿಗೆಯ ಪಕ್ಕಕ್ಕೆ ಹಿಡಿದು ನೋಡಿ. ಗಜದ ತುದಿ ನಿಪ್ಪಲ್ ಇರುವ ಜಾಗದವರೆಗೆ ಬಂದರೆ ಖಾಲಿ. ಅದಕ್ಕಿಂತ ಎರಡು-ಮೂರು ಬೆರಳು ಮುಂದೆಯೇ ನಿಂತರೆ ಒಳಗೆ ಏನೋ ಇದೆ. ಆಗ ಕೆದಕಬೇಡಿ, ಕೊರೆಯಬೇಡಿ, ಬೆಂಕಿಯ ಹತ್ತಿರ ಒಯ್ಯಬೇಡಿ. ಒಣಗಿದ್ದರೆ ಕರಿಮದ್ದು ಹತ್ತಾರು ವರ್ಷ ಕೆಡುವುದಿಲ್ಲ. ಅಟ್ಟದ ಮೇಲಿನ ಬಂದೂಕಿನಲ್ಲಿ ಅಜ್ಜ ತುಂಬಿಟ್ಟ ಮದ್ದು ಈಗಲೂ ಹೊತ್ತಿಕೊಳ್ಳಬಹುದು. ಲೈಸನ್ಸ್ ಇರುವ ರಿಪೇರಿಗಾರರೇ ಅದನ್ನು ತೆಗೆಯಬೇಕು.

ಖಾಲಿ ಇದ್ದರೆ ಅದೇ ದಿನ ತೊಳೆಯಿರಿ. ನಾಳೆಗೆ ಬಿಡಬೇಡಿ. ಬಿಸಿನೀರು ಒಳ್ಳೆಯದು, ಯಾಕೆಂದರೆ ಲೋಹ ಬೆಚ್ಚಗಾದರೆ ಬೇಗ ಒಣಗುತ್ತದೆ. ಆದರೆ ಕುದಿಯುವ ನೀರೇ ಬೇಕೆಂದಿಲ್ಲ. ಯಾವ ನೀರು ಎಂಬುದು ಮುಖ್ಯ. ವಿಜಯಪುರ, ಬಾಗಲಕೋಟೆ ಕಡೆ ಎಷ್ಟೋ ಊರುಗಳಲ್ಲಿ ಬೋರಿನ ನೀರು ಸವಳು. ಒಂದು ಉಪ್ಪು ತೆಗೆಯಲು ಹೋಗಿ ಇನ್ನೊಂದು ಉಪ್ಪು ತುಂಬುವುದು ಬೇಡ. ಮಳೆನೀರು ಇಲ್ಲವೇ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು ಬಳಸಿ. ಎರಡು ಹನಿ ಸೋಪು ಬೆರೆಸಿದರೆ ಜಿಡ್ಡು ಬೇಗ ಬಿಡುತ್ತದೆ.

ನಳಿಗೆ ಕಟ್ಟಿಗೆಯಿಂದ ಸುಲಭವಾಗಿ ಬಿಚ್ಚಿ ಬರುವಂತಿದ್ದರೆ ಬಿಚ್ಚಿ ತೊಳೆಯಿರಿ. ಬಾರದಿದ್ದರೆ ಬಲವಂತ ಬೇಡ, ನೀರು ಸುರಿಯುವುದೂ ಬೇಡ. ನೀರು ಕಟ್ಟಿಗೆಯ ಒಳಕ್ಕೆ ಇಳಿದರೆ ಅದು ಉಬ್ಬುತ್ತದೆ, ಕುದುರೆಯ (ಕೇಪಿಗೆ ಬಡಿಯುವ ಭಾಗದ) ಒಳಗಿನ ಸ್ಪ್ರಿಂಗಿಗೂ ತುಕ್ಕು ಹತ್ತುತ್ತದೆ. ಹತ್ತಿಯ ಬಟ್ಟೆಯ ತುಂಡನ್ನು ಒದ್ದೆ ಮಾಡಿ ಗಜದ ತುದಿಗೆ ಸಿಕ್ಕಿಸಿ ಮೇಲೆ-ಕೆಳಗೆ ಆಡಿಸಿ. ತುಂಡು ಕಪ್ಪಾದ ಹಾಗೆ ಬದಲಿಸುತ್ತಾ ಹೋಗಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಬರಿ ಬೇಡ, ನೀರು ತಾಗಿದ ಸಲ್ಫೈಡಿನ ವಾಸನೆ ಅದು. ಬಟ್ಟೆ ಬೆಳ್ಳಗೆ ಹೊರಬರುವವರೆಗೆ ನಿಲ್ಲಿಸಬೇಡಿ. ನಿಪ್ಪಲ್ಲನ್ನು ಅದಕ್ಕೆಂದೇ ಇರುವ ಪಾನಾದಿಂದ ಬಿಚ್ಚಿ ಬೇರೆಯಾಗಿ ತೊಳೆಯಿರಿ. ಇಕ್ಕಳದಿಂದ ತಿರುವಿದರೆ ಅದರ ಅಂಚು ಸವೆದು ಹೋಗುತ್ತದೆ.

ಆಮೇಲೆ ಒಣ ಬಟ್ಟೆ, ಮತ್ತೆ ಒಣ ಬಟ್ಟೆ. ಬಾಯಿ ಕೆಳಗೆ ಮಾಡಿ ಸ್ವಲ್ಪ ಹೊತ್ತು ಬಿಸಿಲಿಗೆ ನಿಲ್ಲಿಸಿ. ಪೂರ್ತಿ ಒಣಗಿದ ಮೇಲೆ ತೆಳ್ಳಗೆ ಎಣ್ಣೆ. ಮಾರನೇ ದಿನ ಇನ್ನೊಂದು ಬಿಳಿ ಬಟ್ಟೆ ಇಳಿಸಿ ನೋಡಿ. ಕೆಂಪು ಛಾಯೆ ಕಂಡರೆ ಎಲ್ಲೋ ತೇವ ಉಳಿದಿದೆ, ಮತ್ತೆ ಒಣಗಿಸಿ ಎಣ್ಣೆ ಹಚ್ಚಿ.

ಯಾವ ಎಣ್ಣೆ ಅನ್ನುವುದರಲ್ಲೂ ನಮ್ಮ ಕಡೆ ತಪ್ಪಾಗುತ್ತದೆ. ಮನೆಯಲ್ಲಿ ಇರುವುದು ಕುಸುಬೆ ಎಣ್ಣೆ, ಸುಮ್ನೆ ಅದನ್ನೇ ಹಚ್ಚುತ್ತಾರೆ. ಕುಸುಬೆ, ಅಗಸೆ ಎಣ್ಣೆಗಳು ಗಾಳಿಗೆ ಗಟ್ಟಿಯಾಗುವ ಜಾತಿಯವು. ಕೆಲವು ತಿಂಗಳಲ್ಲಿ ಅಂಟು ಅಂಟಾಗಿ ಕುದುರೆ ಬಿಗಿಯುತ್ತದೆ. ಕೊಬ್ಬರಿ ಎಣ್ಣೆ ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ. ಗನ್ ಆಯಿಲ್ ಸಿಗದಿದ್ದರೆ ಹೊಲಿಗೆ ಮಷಿನ್ನಿನ ಎಣ್ಣೆ ಸಾಕು. ಗಾಳಿಗೆ ಗಟ್ಟಿಯಾಗುವ ಗುಣದಿಂದಲೇ ಅಗಸೆ ಎಣ್ಣೆ ಕಟ್ಟಿಗೆಯ ಹಿಡಿಗೆ ಮಾತ್ರ ತುಂಬಾ ಒಳ್ಳೆಯದು. ಹಾಗೆಯೇ, ಮತ್ತೆ ಮದ್ದು ತುಂಬುವ ಮೊದಲು ಒಳಗಿನ ಎಣ್ಣೆಯನ್ನು ಒರೆಸಿ ತೆಗೆಯಬೇಕು. ಇಲ್ಲದಿದ್ದರೆ ಮದ್ದು ಎಣ್ಣೆ ಕುಡಿದು ಕೇಪು ಹೊಡೆದರೂ ಬಂದೂಕು ಹಾರುವುದಿಲ್ಲ. ಹಾಗೆ ಹಾರದೆ ಹೋದಾಗ ಬಾಯಿಯನ್ನು ಸುರಕ್ಷಿತ ದಿಕ್ಕಿಗೇ ಹಿಡಿದು ಕನಿಷ್ಠ ಒಂದು ನಿಮಿಷ ಕಾಯಿರಿ. ತಡವಾಗಿ ಹೊತ್ತಿಕೊಳ್ಳುವುದುಂಟು.

ಮಸಿ ತುಕ್ಕನ್ನಷ್ಟೇ ತರುವುದಿಲ್ಲ. ಅದು ದಪ್ಪಗಟ್ಟಿದರೆ ಗುಂಡು ಮದ್ದಿನ ಮೇಲೆ ಸರಿಯಾಗಿ ಕೂರದೆ ನಡುವೆಯೇ ನಿಲ್ಲುತ್ತದೆ. ಮದ್ದಿಗೂ ಗುಂಡಿಗೂ ನಡುವೆ ಜಾಗ ಉಳಿದರೆ ನಳಿಗೆ ಉಬ್ಬಬಹುದು, ಸೀಳಲೂಬಹುದು. ಒಳಗೆ ಕೆಂಡದ ಕಿಡಿ ಉಳಿಯುವ ಭಯವೂ ಇದೆ. ಅದಕ್ಕೇ ಪ್ರತಿ ಈಡಿನ ನಂತರ ಒದ್ದೆ ಬಟ್ಟೆ ಆಡಿಸಬೇಕು, ಮದ್ದಿನ ಡಬ್ಬಿಯಿಂದ ನೇರವಾಗಿ ನಳಿಗೆಗೆ ಸುರಿಯಬಾರದು.

ಖಂಡೇನವಮಿಯ ವಿಷಯವನ್ನೂ ಹೇಳಲೇಬೇಕು. ಆಯುಧ ಪೂಜೆ ನಮ್ಮ ಮನೆಗಳಲ್ಲಿ ಶ್ರದ್ಧೆಯಿಂದ ನಡೆಯುತ್ತದೆ, ನಡೆಯಲಿ. ಆದರೆ ಕುಂಕುಮ, ವಿಭೂತಿ ತೇವ ಹಿಡಿಯುತ್ತವೆ. ನಿಂಬೆರಸ ಕಬ್ಬಿಣವನ್ನು ತಿನ್ನುತ್ತದೆ. ಪೂಜೆ ಮುಗಿದು ಮಾರನೇ ದಿನ ಒರೆಸಿ ಎಣ್ಣೆ ಹಚ್ಚಿ. ಸಂಭ್ರಮಕ್ಕೆ ಗಾಳಿಯಲ್ಲಿ ಹಾರಿಸುವುದು ಮಾತ್ರ ಬೇಡವೇ ಬೇಡ. ಆಯುಧ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ನಂತರ ಬೇಜವಾಬ್ದಾರಿಯಿಂದ ಹಾಗೆ ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಲೈಸನ್ಸ್ ಇದ್ದ ಹಿರಿಯರು ತೀರಿಕೊಂಡ ಮೇಲೆ ಬಂದೂಕನ್ನು ಅಟ್ಟದ ಮೇಲೆ ಬಚ್ಚಿಡುವ ಮನೆಗಳೂ ಇವೆ. ಆಯುಧ ಒಪ್ಪಿಸುವುದೆಂದರೆ ನಮ್ಮ ಜನಕ್ಕೆ ಎಷ್ಟು ನೋವಿನ ವಿಷಯ ಅಂತ ನನಗೆ ಅರ್ಥವಾಗುತ್ತದೆ. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಿ ಅಂದಾಗ ಮುಧೋಳದ ಹತ್ತಿರದ ಹಲಗಲಿಯ ಬೇಡರು ಒಪ್ಪದೆ ಬಂಡೆದ್ದು ಜೀವ ಕೊಟ್ಟ ನಾಡು ಇದು. ಆದರೆ ಈಗಿನ ಕಾನೂನು ಬೇರೆ. 1959ರ ಆಯುಧ ಕಾಯ್ದೆಯ ಪ್ರಕಾರ ಅಂಥ ಬಂದೂಕನ್ನು ಪೊಲೀಸ್ ಠಾಣೆಯಲ್ಲಿ ಇಲ್ಲವೇ ಲೈಸನ್ಸ್ ಇರುವ ವ್ಯಾಪಾರಿಯ ಬಳಿ ಠೇವಣಿ ಇಡಬೇಕು. ವಾರಸುದಾರರು ತಮ್ಮ ಹೆಸರಿಗೆ ಲೈಸನ್ಸ್ ಕೇಳಬಹುದು. ಅಪ್ಪ ಬದುಕಿರುವಾಗಲೇ, ಅವರಿಗೆ 70 ವರ್ಷವಾದರೆ ಅಥವಾ ಬಂದೂಕು ಅವರ ಬಳಿ 25 ವರ್ಷ ಇದ್ದರೆ, ಮಕ್ಕಳು ಅರ್ಜಿ ಹಾಕಲು 2016ರ ಆಯುಧ ನಿಯಮಗಳಲ್ಲಿ ದಾರಿ ಇದೆ. ನಿಮ್ಮ ಮನೆಯಲ್ಲೂ ಇದನ್ನು ಈಗಲೇ ಯೋಚಿಸಿ. ಬೆಳೆ ಕಾಯುವ ಲೈಸನ್ಸ್ ಬೇಟೆಯ ಪರವಾನಗಿ ಅಲ್ಲ, ಅದೂ ನೆನಪಿರಲಿ.

ಚುನಾವಣೆ ಬಂದಾಗ ಬಂದೂಕು ಠೇವಣಿ ಇಡುತ್ತೀರಲ್ವಾ? ಅಲ್ಲಿ ಅದು ತಿಂಗಳುಗಟ್ಟಲೆ ಇರುತ್ತದೆ. ಕೊಡುವ ಹಿಂದಿನ ದಿನ ತೊಳೆದು, ಒಣಗಿಸಿ, ಎಂದಿಗಿಂತ ಸ್ವಲ್ಪ ದಪ್ಪಗೆ ಎಣ್ಣೆ ಹಚ್ಚಿ. ವಾಪಸ್ ತಂದ ದಿನವೇ ಗಜ ಇಳಿಸಿ ಖಾಲಿ ಇದೆಯೇ ನೋಡಿ, ಒರೆಸಿ, ಹೊಸ ಎಣ್ಣೆ ಹಾಕಿ.

ಈಗ ನಿಮ್ಮ ನಳಿಗೆಯಲ್ಲಿ ಕಂಡ ಕೆಂಪು ಮೇಲ್ಮೇಲಿನ ಪುಡಿಯಂತಿದ್ದರೆ, ಎಣ್ಣೆಯಲ್ಲಿ ಅದ್ದಿದ ನಯವಾದ ಸ್ಟೀಲ್ ವೂಲ್ ಗಜಕ್ಕೆ ಸುತ್ತಿ ಆಡಿಸಿದರೆ ಹೋಗುತ್ತದೆ. ಟಾರ್ಚ್ ಬಿಟ್ಟು ನೋಡಿದಾಗ ಒಳಗೆ ಗುಳಿಗಳು ಕಂಡರೆ, ನಿಪ್ಪಲ್ ಅಲ್ಲಾಡುತ್ತಿದ್ದರೆ, ಅಥವಾ ನಳಿಗೆಯ ಹೊರಗೆ ಎಲ್ಲಾದರೂ ಉಬ್ಬು ಕೈಗೆ ತಾಗಿದರೆ ಆ ಬಂದೂಕಿಗೆ ಮದ್ದು ಹಾಕಬೇಡಿ. ಮೊದಲು ಲೈಸನ್ಸ್ ಇರುವ ರಿಪೇರಿಗಾರರಿಗೆ ತೋರಿಸಿ.