ನಲ್ಲಿ ಮುಟ್ಟಿದರೆ ಜುಮ್ ಅನ್ನುವ ಮನೆ

"ನೋಡಪ್ಪಾ, ಅಡುಗೆಮನೆ ನಲ್ಲಿ ಮುಟ್ಟಿದ್ರೆ ಕೈ ಜುಮ್ ಅನ್ನುತ್ತೆ. ಮಗನಿಗೆ ಹೇಳಿದ್ರೆ, ವಯಸ್ಸಾಯ್ತಲ್ಲ, ನರ ವೀಕು ಅಂತಾನೆ."

ಮೈಸೂರಿನ ಅಗ್ರಹಾರದ ಕಡೆ ಒಂದು ಮನೆ. ಮರದ ತೊಲೆ ಮೇಲೆ ಇಟ್ಟಿಗೆ ಗಾರೆಯ ಮದ್ರಾಸ್ ತಾರಸಿ, ಗೋಡೆ ಮೇಲೆ ವೈರು ಹಿಡಿದ ಮರದ ಬ್ಯಾಟನ್ ಪಟ್ಟಿ, ಕಪ್ಪು ದುಂಡನೆಯ ಸ್ವಿಚ್ಚುಗಳು. ನಾನು ಹೋಗಿದ್ದು ಹಾಲಿನ ಫ್ಯಾನಿನ ರೆಗ್ಯುಲೇಟರ್ ಬದಲಿಸಲು. ಆ ಅಮ್ಮ ಹಾಗೆ ಹೇಳಿದ ಮೇಲೆ ಸುಮ್ನೆ ಬರೋಕೆ ಮನಸ್ಸಾಗಲಿಲ್ಲ. ನಲ್ಲಿಗೆ ಟೆಸ್ಟರ್ ಇಟ್ಟೆ, ಹೊತ್ತಿತು. ನಲ್ಲಿಗೂ ನ್ಯೂಟ್ರಲ್ಲಿಗೂ (ಕರೆಂಟು ವಾಪಸ್ ಹೋಗುವ ತಂತಿ) ಮೀಟರ್ ಹಿಡಿದರೆ 112 ವೋಲ್ಟ್. ಬಚ್ಚಲುಮನೆಯ ಗೀಸರ್ ಆರಿಸಲು ಹೇಳಿದೆ. ಮೀಟರ್ ಸೊನ್ನೆಯ ಹತ್ತಿರಕ್ಕೆ ಇಳಿಯಿತು.

ಗೀಸರಿನ ಕಾಯಿಲ್ ಸೀಳಿತ್ತು. ಅದು ದೊಡ್ಡ ವಿಷಯವಲ್ಲ, ಗಡಸು ನೀರಿಗೆ ಕಾಯಿಲ್ ಹೋಗುವುದು ಮಾಮೂಲು. ಸೋರಿದ ಕರೆಂಟನ್ನು ಅರ್ತ್ ವೈರು ಭೂಮಿಗೆ ಇಳಿಸಬೇಕಿತ್ತು, ಯಾಕೆ ಇಳಿಸಲಿಲ್ಲ? ವೈರಿನ ಹಿಂದೆಯೇ ಹೋದೆ. ಗೀಸರಿನ ಸಾಕೆಟ್ಟಿನಿಂದ ಬರಿ ತಾಮ್ರದ ತಂತಿ ಗೋಡೆ ಹಿಡಿದು ಹಿತ್ತಲಿಗೆ ಹೋಗಿ ನೀರಿನ ಕಬ್ಬಿಣದ ಪೈಪಿಗೆ ಸುತ್ತಿಕೊಂಡಿತ್ತು. ಹಿಂದೆ ಎಷ್ಟೋ ಮನೆಗಳಲ್ಲಿ ಹಾಗೇ ಮಾಡುತ್ತಿದ್ದರು. ಪೈಪು ಬೀದಿಯುದ್ದಕ್ಕೂ ಮಣ್ಣಿನೊಳಗೆ ಹೋಗುತ್ತಿತ್ತು, ಅರ್ತ್ ಚೆನ್ನಾಗಿಯೇ ಸಿಗುತ್ತಿತ್ತು. ಆರೇಳು ವರ್ಷದ ಹಿಂದೆ ಹೊರಗಿನ ಪೈಪು ತುಕ್ಕು ಹಿಡಿಯಿತೆಂದು ಪಿವಿಸಿ ಹಾಕಿಸಿದ್ದಾರೆ. ಗೋಡೆಯೊಳಗೆ ಕಬ್ಬಿಣ ಉಳಿಯಿತು, ಹೊರಗೆ ಪ್ಲಾಸ್ಟಿಕ್ ಬಂತು. ಒಂದು ತಂತಿಯನ್ನೂ ಯಾರೂ ಕತ್ತರಿಸಲಿಲ್ಲ, ಆದರೂ ಮನೆಯ ಅರ್ತ್ ಹೋಯಿತು. ಗೀಸರ್ ಸೋರತೊಡಗಿದ ದಿನದಿಂದ ಮನೆಯ ಎಲ್ಲ ನಲ್ಲಿಗಳಲ್ಲೂ ಕರೆಂಟು. ಪೈಪಿನ ಕೆಲಸದವರನ್ನು ನಾನು ದೂರುವುದಿಲ್ಲ. ಆ ತಂತಿ ಯಾಕಿದೆ ಅಂತ ಅವರಿಗೆ ಹೇಳಿದವರು ಯಾರು?

ಹಾಗಾಗಿ ಹಳೇ ಮನೆಗೆ ಕಾಲಿಟ್ಟರೆ ನಾನು ಮೊದಲು ಹುಡುಕುವುದು ಅರ್ತ್. ಸಾಕೆಟ್ಟಿನಲ್ಲಿ ಮೂರು ತೂತು ಇದ್ದರೆ ಅರ್ತ್ ಇದೆ ಅಂದುಕೊಳ್ಳಬೇಡಿ. ಬೋರ್ಡು ಬಿಚ್ಚಿದರೆ ಮೇಲಿನ ದೊಡ್ಡ ತೂತಿನ ಹಿಂದೆ ವೈರೇ ಇರುವುದಿಲ್ಲ, ಇಂಥದ್ದನ್ನು ತುಂಬಾ ಕಡೆ ನೋಡಿದ್ದೇನೆ.

ಹೊಸ ಅರ್ತಿಗಾಗಿ ಈ ಮನೆಯ ಹಿತ್ತಲಲ್ಲಿ ಎಂಟಡಿಗೂ ಸ್ವಲ್ಪ ಜಾಸ್ತಿ ಗುಂಡಿ ತೋಡಿಸಿದೆ. ಎರಡೂವರೆ ಮೀಟರ್ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು, ಸುತ್ತ ಇದ್ದಿಲು ಮತ್ತು ಉಪ್ಪಿನ ಪದರ. ಭೂಮಿಗೆ ಇಳಿಯುವ ಕರೆಂಟಿಗೆ ಎಷ್ಟು ತಡೆ ಇದೆ ಅಂತ ಅಳೆದಾಗ 3.2 ಓಮ್ ಬಂತು. ಮನೆಗಳಲ್ಲಿ 5 ಓಮ್‌ಗಿಂತ ಕೆಳಗೆ ಬಂದರೆ ನಮಗೆ ಸಮಾಧಾನ. ಬೇಸಿಗೆಯಲ್ಲಿ ಆಗಾಗ ಗುಂಡಿಗೆ ನೀರು ಹಾಕಬೇಕು.

"ಅರ್ತ್ ಆಯ್ತಲ್ಲ, ಎಂಸಿಬಿನೂ ಇದೆ, ಇನ್ನೇನು ಬೇಕು?" ಅಂತ ಮಗ ಕೇಳಿದರು. ಎಂಸಿಬಿ ಅಂದರೆ ಕರೆಂಟು ಮಿತಿ ಮೀರಿದಾಗ ತಾನೇ ಬಿದ್ದು ಲೈನು ಕಟ್ ಮಾಡುವ ಸ್ವಿಚ್ಚು. ಒಳ್ಳೆಯ ಪ್ರಶ್ನೆ. ಲೆಕ್ಕ ಹಾಕಿ ನೋಡಿ. ಅರ್ತ್ 5 ಓಮ್ ಇದೆ ಅಂದುಕೊಳ್ಳಿ. 230 ವೋಲ್ಟ್ ಪೂರ್ತಿ ಅದರ ಮೇಲೆ ಬಿದ್ದರೂ ಹರಿಯುವುದು 46 ಆಂಪ್. 16 ಆಂಪಿನ ಬಿ ಕರ್ವ್ (ಬೇಗ ಬೀಳುವ ಬಗೆಯ) ಎಂಸಿಬಿ ತಟಕ್ಕನೆ ಬೀಳಬೇಕಾದರೆ ಅದರ ಮೂರರಿಂದ ಐದು ಪಟ್ಟು, ಅಂದರೆ 48ರಿಂದ 80 ಆಂಪ್ ಬೇಕು. 46 ಆಂಪಿಗೆ ಅದು ಬಿಸಿಯಾಗಿ ನಿಧಾನಕ್ಕೆ ಬೀಳುತ್ತದೆ. ಅಷ್ಟು ಹೊತ್ತು ಗೀಸರಿನ ಮೈಯಲ್ಲಿ ಕರೆಂಟು ಇದ್ದೇ ಇರುತ್ತದೆ. ಇನ್ನು ಸೋರಿಕೆ ಅರ್ಧ ಆಂಪ್ ಮಾತ್ರ ಇದ್ದರೆ ಎಂಸಿಬಿಗೆ ಗೊತ್ತೇ ಆಗುವುದಿಲ್ಲ. ಎಂಸಿಬಿ ಇರುವುದು ವೈರನ್ನು ಕಾಯಲು. ಮನುಷ್ಯರನ್ನು ಕಾಯಲು ಆರ್‌ಸಿಸಿಬಿ ಬೇಕು. ಹಳಬರು ಈಗಲೂ ಇಎಲ್‌ಸಿಬಿ ಅಂತಲೇ ಕೇಳುತ್ತಾರೆ. ಫೇಸಿನಲ್ಲಿ ಹೋದ ಕರೆಂಟು ಅಷ್ಟೂ ನ್ಯೂಟ್ರಲ್ಲಿನಲ್ಲಿ ವಾಪಸ್ ಬಂತಾ ಅಂತ ಅದು ನೋಡುತ್ತಿರುತ್ತದೆ. 30 ಮಿಲಿಆಂಪ್ ಕಡಿಮೆ ಬಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಟ್. ಒಂದು ವಿಷಯ ಮಾತ್ರ ನೆನಪಿರಲಿ, ಫೇಸು ನ್ಯೂಟ್ರಲ್ಲು ಎರಡನ್ನೂ ಒಟ್ಟಿಗೆ ಹಿಡಿದವರನ್ನು ಅದು ಕಾಪಾಡಲಾರದು.

ಹಳೇ ಮನೆಯಲ್ಲಿ ನಿಜವಾದ ತಲೆನೋವು ಶುರುವಾಗುವುದು ಇಲ್ಲೇ. ಬಚ್ಚಲು ಮತ್ತು ಅಡುಗೆಮನೆಗೆ ಒಂದು, ಉಳಿದದ್ದಕ್ಕೆ ಒಂದು ಅಂತ ಎರಡು ಆರ್‌ಸಿಸಿಬಿ ಹಾಕಿದೆ. ಹಾಲಿನ ಲೈಟು ಹಾಕಿದ ಕೂಡಲೇ ಎರಡೂ ಬಿದ್ದವು. ಆ ಲೈಟಿಗೆ ಫೇಸು ಹಾಲಿನ ಲೈನಿನಿಂದ, ನ್ಯೂಟ್ರಲ್ಲು ಗೋಡೆಯಾಚೆಯ ಅಡುಗೆಮನೆಯಿಂದ. ಒಂದರಿಂದ ಹೋದ ಕರೆಂಟು ಇನ್ನೊಂದರಲ್ಲಿ ವಾಪಸ್ ಬಂದರೆ ಎರಡಕ್ಕೂ ಲೆಕ್ಕ ತಪ್ಪುತ್ತದೆ. ಐವತ್ತು ವರ್ಷದಲ್ಲಿ ಬಂದವರೆಲ್ಲ ಹತ್ತಿರ ಸಿಕ್ಕ ನ್ಯೂಟ್ರಲ್ಲಿಗೆ ಸೇರಿಸುತ್ತಾ ಹೋಗಿದ್ದಾರೆ. ಹಿತ್ತಲಿನ ದೀಪಕ್ಕಂತೂ ಅರ್ತನ್ನೇ ನ್ಯೂಟ್ರಲ್ ಮಾಡಿಕೊಂಡಿದ್ದರು. ಇನ್ವರ್ಟರ್ ಇರುವ ಮನೆಗಳಲ್ಲಿ ಈ ಗೋಜಲು ಇನ್ನೂ ಜಾಸ್ತಿ. ಒಂದೊಂದೇ ಪಾಯಿಂಟ್ ಬಿಚ್ಚಿ, ಯಾವ ನ್ಯೂಟ್ರಲ್ ಎಲ್ಲಿಯದು ಅಂತ ಪತ್ತೆ ಹಚ್ಚಿ ಸರಿ ಮಾಡಲು ಒಂದೂವರೆ ದಿನ ಹಿಡಿಯಿತು.

ಆ ಒಂದೂವರೆ ದಿನದ ಕೂಲಿ ಕೊಡಲು ಮನೆಯವರಿಗೆ ಮನಸ್ಸಿರುವುದಿಲ್ಲ, ಹುಡುಕಲು ಕೆಲಸದವರಿಗೆ ಪುರುಸೊತ್ತಿರುವುದಿಲ್ಲ. "ಸುಮ್ನೆ ಬೀಳ್ತಿದೆ ಸಾರ್, ಪೀಸ್ ಸರಿಯಿಲ್ಲ" ಅಂತ ಹೇಳಿ ಆರ್‌ಸಿಸಿಬಿಯನ್ನು ಬೈಪಾಸ್ ಮಾಡಿ ಹೋಗುತ್ತಾರೆ. ಡಬ್ಬಿ ಗೋಡೆಯಲ್ಲೇ ಇರುತ್ತದೆ, ಮನೆಯವರು ರಕ್ಷಣೆ ಇದೆ ಅಂತ ನಂಬಿರುತ್ತಾರೆ. ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ದಯವಿಟ್ಟು ಬೈಪಾಸ್ ಮಾಡಲು ಬಿಡಬೇಡಿ. ಯಾಕೆ ಬೀಳುತ್ತಿದೆ ಅಂತ ಹುಡುಕಲು ಹೇಳಿ.

ಫ್ಯೂಸ್ ಕೂರಿಸುವ ಪಿಂಗಾಣಿ ಕಟೌಟಿನ ಬಗ್ಗೆಯೂ ಒಂದು ಮಾತು. ಹಳೇ ಮೇನ್ ಬೋರ್ಡಿನಲ್ಲಿ ಫೇಸಿಗೊಂದು, ನ್ಯೂಟ್ರಲ್ಲಿಗೊಂದು ಫ್ಯೂಸ್ ಇರುತ್ತಿತ್ತು. ನ್ಯೂಟ್ರಲ್ ಫ್ಯೂಸ್ ಹೋದರೆ ಲೈಟು ಆರುತ್ತದೆ, ಕರೆಂಟಿಲ್ಲ ಅಂತ ಕಾಣುತ್ತದೆ, ಆದರೆ ಹೋಲ್ಡರಿನವರೆಗೂ ಫೇಸು ಬಂದು ಕೂತಿರುತ್ತದೆ. ಬಲ್ಬು ಬಿಚ್ಚಲು ಕೈ ಹಾಕಿದವರ ಗತಿ ಏನು, ಅಲ್ವಾ? ನ್ಯೂಟ್ರಲ್ಲಿನಲ್ಲಿ ಫ್ಯೂಸ್ ಇದ್ದರೆ ಇವತ್ತೇ ತೆಗೆಸಿ.

ಎಂಸಿಬಿ ಪದೇ ಪದೇ ಬಿದ್ದರೆ "ದೊಡ್ಡದು ಹಾಕಿಬಿಡಿ" ಅನ್ನುವವರು ಬಹಳ. 2000 ವಾಟಿನ ಗೀಸರ್ ಒಂದೇ 8.7 ಆಂಪ್ ಎಳೆಯುತ್ತದೆ. ಅದೇ ಲೈನಿಗೆ ಅಷ್ಟೇ ದೊಡ್ಡ ಇಂಡಕ್ಷನ್ ಒಲೆ, ಮೇಲೊಂದು ಇಸ್ತ್ರಿಪೆಟ್ಟಿಗೆ ಸೇರಿದರೆ 20 ಆಂಪ್ ದಾಟುತ್ತದೆ. ಗೋಡೆಯಲ್ಲಿರುವುದು ಹಳೇ 3/20 (20 ಗೇಜಿನ ಮೂರು ಎಳೆಯ) ವೈರು. ಅದರ ರಬ್ಬರನ್ನು ಬೆರಳಲ್ಲಿ ಬಗ್ಗಿಸಿದರೆ ಹಪ್ಪಳದ ಹಾಗೆ ಪುಡಿಯಾಗುತ್ತದೆ. ಅಲ್ಲಿಗೆ 32 ಆಂಪ್ ಎಂಸಿಬಿ ಹಾಕಿದರೆ ಮೊದಲು ಸುಡುವುದು ವೈರು, ಎಂಸಿಬಿ ಬೀಳುವುದು ಆಮೇಲೆ. ಅದೂ ಮರದ ಪಟ್ಟಿಯ ಮೇಲೆ.

ಮನೆಯೆಲ್ಲ ಒಂದೇ ಸಲ ರೀವೈರಿಂಗ್ ಮಾಡಿಸಲು ಎಲ್ಲರ ಕೈಯಲ್ಲೂ ಆಗುವುದಿಲ್ಲ. ದುಡ್ಡು ಸ್ವಲ್ಪವೇ ಇದ್ದರೆ ಮೊದಲು ಅರ್ತ್ ಮತ್ತು ಆರ್‌ಸಿಸಿಬಿ. ಆಮೇಲೆ ಗೀಸರಿಗೆ, ಅಡುಗೆಮನೆಗೆ ಬೋರ್ಡಿನಿಂದ ಬೇರೆ ಬೇರೆ ಲೈನು, 4 ಚದರ ಮಿಲಿಮೀಟರ್ ತಾಮ್ರದ ವೈರು. ಲೈಟು ಫ್ಯಾನಿನ ಲೈನಿಗೆ 1.5 ಸಾಕು, ಅದನ್ನು ಮುಂದಿನ ವರ್ಷ ಕೋಣೆಗೊಂದರಂತೆ ಮಾಡಿಸಬಹುದು. ಆದರೆ ಅದಕ್ಕೂ ಮೊದಲು 500 ವೋಲ್ಟಿನ ಮೆಗ್ಗರ್ (ವೈರಿನ ಹೊದಿಕೆಯಿಂದ ಕರೆಂಟು ಸೋರುತ್ತಿದೆಯೇ ಅಂತ ಅಳೆಯುವ ಯಂತ್ರ) ಹಾಕಿಸಿ ನೋಡಿ. ಒಂದು ಮೆಗಾಓಮ್‌ಗಿಂತ ಕೆಳಗೆ ತೋರಿಸಿದ ಲೈನನ್ನು ಮುಂದೂಡಬೇಡಿ. ಗೋಡೆ ಒಡೆಯಲು ಇಷ್ಟವಿಲ್ಲದಿದ್ದರೆ ಪಿವಿಸಿ ಕೇಸಿಂಗ್ ಪಟ್ಟಿಯಲ್ಲೇ ಎಳೆಯಬಹುದು. ಮದ್ರಾಸ್ ತಾರಸಿಯ ಮನೆಗೆ ನಾನು ಅದನ್ನೇ ಹೇಳುತ್ತೇನೆ. ಲೋಡು ಜಾಸ್ತಿಯಾದರೆ ವಿದ್ಯುತ್ ಕಂಪನಿಗೆ ಅರ್ಜಿ ಕೊಟ್ಟು ಮಂಜೂರು ಮಾಡಿಸಿಕೊಳ್ಳಿ. ಕೆಲಸ ಲೈಸೆನ್ಸ್ ಇರುವವರ ಕೈಯಲ್ಲೇ ಆಗಲಿ.

ಅಗ್ರಹಾರದ ಮನೆಯಲ್ಲಿ ಹೊಸ ಬೋರ್ಡಿನ ಬಾಗಿಲ ಒಳಗೆ ಯಾವ ಎಂಸಿಬಿ ಎಲ್ಲಿಯದು ಅಂತ ಕನ್ನಡದಲ್ಲಿ ಬರೆದು ಅಂಟಿಸಿದೆ. ಆರ್‌ಸಿಸಿಬಿಯ ಮೇಲಿನ ಸಣ್ಣ ಟೆಸ್ಟ್ ಬಟನ್ ಅನ್ನು ತಿಂಗಳಿಗೊಮ್ಮೆ ಒತ್ತಬೇಕು, ಒತ್ತಿದಾಗ ಬೀಳಬೇಕು, ಬೀಳದಿದ್ದರೆ ಅದು ಕೆಟ್ಟಿದೆ ಅಂತ ಅರ್ಥ. ಇದನ್ನು ಆ ಅಮ್ಮನಿಗೇ ತೋರಿಸಿದೆ. ಅವರೇ ಒತ್ತಿದರು. ಟಕ್ ಅಂತ ಬಿತ್ತು. ಮತ್ತೆ ಮೇಲೆತ್ತಿ, ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ಕೈ ತೊಳೆದುಕೊಂಡು ಬಂದರು.