ಕೇಬಲ್ ಸರಿಯಿದ್ದರೂ ಪರದೆ ಕಪ್ಪೇಕೆ?

ಬಾಕ್ಸ್ ಸರಿಯಿದೆ, ಟಿ.ವಿ. ಸರಿಯಿದೆ, ಎಚ್‌ಡಿಎಂಐ ಕೇಬಲ್ ಹೊಸದು. ಆದರೂ ಚಿತ್ರ ಬರುವುದಿಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಹೋಗಿ ಕೇಳಿದರೆ ‘ಕೇಬಲ್ ಹೋಗ್ಯಾದ ನೋಡ್ರಿ, ಬ್ಯಾರೆ ಹಾಕ್ರಿ’ ಎನ್ನುತ್ತಾರೆ. ಎಷ್ಟೋ ಸಲ ಅದು ನಿಜವೂ ಹೌದು. ಆದರೆ ಮೆನು ಚೆನ್ನಾಗಿ ಕಂಡು, ಸಿನಿಮಾ ಹಾಕಿದ ಕೂಡಲೇ ಪರದೆ ಕಪ್ಪಾದರೆ ಎಚ್‌ಡಿಸಿಪಿಯನ್ನು ಅನುಮಾನಿಸಬೇಕು.

ಇದು ಇಂಟೆಲ್ ರೂಪಿಸಿದ ನಕಲು ತಡೆ ವ್ಯವಸ್ಥೆ. ಮೊದಲ ಆವೃತ್ತಿ ಬಂದದ್ದು 2000ರಲ್ಲಿ. ಚಿತ್ರ ಗೂಢಲಿಪಿಯಾಗಿ ತಂತಿಯಲ್ಲಿ ಹರಿಯಬೇಕು, ಬಿಡಿಸುವ ಕೀಲಿ ಎರಡೂ ಕಡೆ ಒಂದೇ ಇರಬೇಕು, ಆ ಕೀಲಿ ಮಾತ್ರ ತಂತಿಯ ಮೇಲೆ ಹೋಗಲೇಬಾರದು. ಇದನ್ನು ಬರೀ ಕೂಡುವ ಲೆಕ್ಕದಿಂದ ಸಾಧಿಸಿದರು.

ಪ್ರತಿ ಸಾಧನದೊಳಗೆ 56 ಬಿಟ್‌ನ 40 ಗುಟ್ಟಿನ ಕೀಲಿಗಳಿವೆ. ಜೊತೆಗೆ ಯಾರಿಗೂ ತೋರಿಸಬಹುದಾದ 40 ಬಿಟ್‌ನ ಒಂದು ಸಂಖ್ಯೆ. ಅದರಲ್ಲಿ 20 ಕಡೆ 1, 20 ಕಡೆ 0. ಎರಡೂ ಸಾಧನಗಳು ಈ ಬಹಿರಂಗ ಸಂಖ್ಯೆಯನ್ನು ಪರಸ್ಪರ ಕೊಟ್ಟುಕೊಂಡು, ಎದುರಿನದರಲ್ಲಿ 1 ಇರುವ ಸ್ಥಾನಗಳ ತಮ್ಮ ಕೀಲಿಗಳನ್ನು ಕೂಡುತ್ತವೆ. ಮೊತ್ತ ಎರಡೂ ಕಡೆ ಒಂದೇ ಬರುತ್ತದೆ!

ನಂಬಿಕೆ ಬರದಿದ್ದರೆ ಪೆನ್ನು ಹಿಡಿಯಿರಿ. 40ರ ಬದಲು 3 ಸಾಕು. ಎಲ್ಲ ಸಾಧನಗಳ ಕೀಲಿಗಳೂ ಹುಟ್ಟುವುದು ಒಂದು ಗುಟ್ಟಿನ ಮೂಲ ಕೋಷ್ಟಕದಿಂದ. ಅದರ ಸಾಲುಗಳು 4 7 2, 7 1 5, 2 5 9 ಇರಲಿ. ಅಡ್ಡ ಓದಿದರೂ ಉದ್ದ ಓದಿದರೂ ಇದು ಒಂದೇ. ಬಾಕ್ಸ್‌ನ ಬಹಿರಂಗ ಸಂಖ್ಯೆ 110. ಹಾಗಾಗಿ ಮೊದಲೆರಡು ಸಾಲು ಕೂಡಿ ಬಂದ 11, 8, 7 ಅದರ ಕೀಲಿಗಳು. ಟಿ.ವಿ.ಯದು 011, ಕೊನೆಯೆರಡು ಸಾಲು ಕೂಡಿದ 9, 6, 14 ಅದರ ಕೀಲಿಗಳು. ಟಿ.ವಿ.ಯ 011 ನೋಡಿ ಬಾಕ್ಸ್ 8 ಮತ್ತು 7 ಕೂಡುತ್ತದೆ: 15. ಬಾಕ್ಸ್‌ನ 110 ನೋಡಿ ಟಿ.ವಿ. 9 ಮತ್ತು 6 ಕೂಡುತ್ತದೆ: ಅದೂ 15. ತಂತಿಯ ಮೇಲೆ 15 ಹಾಯಲೇ ಇಲ್ಲ. ಇಷ್ಟು ಸರಳವಾದ ಲೆಕ್ಕ ಇಷ್ಟು ದೊಡ್ಡ ಕೆಲಸ ಮಾಡುವುದನ್ನು ಕಂಡಾಗಲೆಲ್ಲ ನನಗೆ ಖುಷಿಯಾಗುತ್ತದೆ.

ದೌರ್ಬಲ್ಯ ಇರುವುದೂ ಇದೇ ಸರಳತೆಯಲ್ಲಿ. ಹತ್ತನೇ ತರಗತಿಯಲ್ಲಿ ಬಿಡಿಸುವ ರೇಖಾತ್ಮಕ ಸಮೀಕರಣಗಳ ದಾರಿಯಲ್ಲೇ, ಸುಮಾರು 40 ಸಾಧನಗಳ ಕೀಲಿ ಸಿಕ್ಕರೆ ಮೂಲ ಕೋಷ್ಟಕವನ್ನೇ ಕಟ್ಟಬಹುದೆಂದು ಸಂಶೋಧಕರು 2001ರಲ್ಲೇ ತೋರಿಸಿದ್ದರು. 2010ರ ಸೆಪ್ಟೆಂಬರ್‌ನಲ್ಲಿ ಆ ಕೋಷ್ಟಕ ಇಂಟರ್‌ನೆಟ್‌ಗೆ ಬಂದೇ ಬಿಟ್ಟಿತು. ಅದು ಅಸಲಿಯೆಂದು ಇಂಟೆಲ್ ಒಪ್ಪಿಕೊಂಡಿತು. ಸೋರಿದ ಕೀಲಿಯ ಸಾಧನವನ್ನು ಕಪ್ಪುಪಟ್ಟಿಗೆ ಸೇರಿಸುವ ಉಪಾಯವೂ ನಿಷ್ಫಲವಾಯಿತು. ಕೋಷ್ಟಕ ಕೈಯಲ್ಲಿದ್ದವರು ಬೇಕಾದಷ್ಟು ಹೊಸ ಕೀಲಿ ತಯಾರಿಸಬಹುದಲ್ಲ.

ಎರಡನೇ ಪೀಳಿಗೆಯ ಎಚ್‌ಡಿಸಿಪಿ ಆರ್‌ಎಸ್‌ಎ ಮತ್ತು 128 ಬಿಟ್‌ನ ಎಇಎಸ್ ಎಂಬ ಗೂಢಲಿಪಿ ವಿಧಾನಗಳನ್ನು ಬಳಸುತ್ತದೆ. 4ಕೆ ಸಿನಿಮಾಗಳು ಸಾಮಾನ್ಯವಾಗಿ ಕೇಳುವುದು ಇದರ 2.2 ಆವೃತ್ತಿಯನ್ನು. ಅದಿಲ್ಲದ ಹಳೆಯ ಸಾಧನ ಸಿಕ್ಕರೆ ಪರದೆ ಕಪ್ಪಾಗಬಹುದು. ತೊಂದರೆ ಅನುಭವಿಸುವವರು ದುಡ್ಡು ಕೊಟ್ಟು ನೋಡುವವರೇ, ಇದು ನ್ಯಾಯವಲ್ಲ. ನಮ್ಮ ಕಾಲೇಜುಗಳ ಸೆಮಿನಾರ್ ಹಾಲ್‌ನಲ್ಲಿ ಸ್ಪ್ಲಿಟರ್ ಹಾಕಿ ಎರಡು ಪ್ರೊಜೆಕ್ಟರ್ ಜೋಡಿಸಿದಾಗ, ಒಂದು ಹಳೆಯದಿದ್ದರೂ ಸಾಕು, ಚಿತ್ರ ನಿಲ್ಲಬಹುದು ಇಲ್ಲವೇ ಗುಣಮಟ್ಟ ಇಳಿಯಬಹುದು. ಮೊದಲು ಸ್ಪ್ಲಿಟರ್ ತೆಗೆದು ನೇರವಾಗಿ ಜೋಡಿಸಿ. ಚಿತ್ರ ಬಂದರೆ ಅದೇ ಕೇಬಲ್ ಇಟ್ಟುಕೊಂಡು, ಎಚ್‌ಡಿಸಿಪಿ 2.2 ಎಂದು ಬರೆದಿರುವ ಸ್ಪ್ಲಿಟರ್ ಕೇಳಿ ತನ್ನಿ. ಅದಕ್ಕೆ ಜೋಡಿಸುವ ಪ್ರೊಜೆಕ್ಟರ್‌ಗಳ ಮೇಲೂ ಅದೇ ಗುರುತು ಇದೆಯೇ ನೋಡಿಕೊಳ್ಳಿ.