ಹಲ್ಲಿ ಬಿದ್ದ ಸಾಂಬಾರು ವಿಷವೇ?

“ಸರ್, ಸಾಂಬಾರಿನ ತಳದಲ್ಲಿ ಸತ್ತ ಹಲ್ಲಿ ಸಿಕ್ಕಿತು. ಅಷ್ಟರಲ್ಲಿ ಎಲ್ಲರದ್ದೂ ಊಟ ಆಗಿಹೋಗಿತ್ತು. ವಿಷ ಏರುತ್ತದೆಯೇ?”

ಏರುವುದಿಲ್ಲ. ತರಗತಿಯಲ್ಲಿ, ಮದುವೆ ಮನೆಯಲ್ಲಿ, ಫೋನಿನಲ್ಲಿ ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ನಮ್ಮ ಗೋಡೆಯ ಹಲ್ಲಿಗೆ ವಿಷವೇ ಇಲ್ಲ. ನಾಗರಹಾವಿಗಿರುವ ವಿಷಗ್ರಂಥಿ ಅದರ ಬಾಯಲ್ಲಿಲ್ಲ. ನೆಲಗಪ್ಪೆಯ ಕಣ್ಣಿನ ಹಿಂದೆ ಉಬ್ಬಿಕೊಂಡಿರುವ ವಿಷದ ಗಂಟು ಅದರ ಚರ್ಮದಲ್ಲಿಲ್ಲ. “ಬಾಲದಲ್ಲಿದೆಯಂತಲ್ಲ ಸರ್?” ಬಾಲದಲ್ಲಿರುವುದು ಕೂಡಿಟ್ಟ ಕೊಬ್ಬು. ಬೆಕ್ಕು ಹಿಡಿದರೆ ಅದನ್ನು ಕಳಚಿಕೊಟ್ಟು ಜೀವ ಉಳಿಸಿಕೊಳ್ಳುತ್ತದೆ, ಅಷ್ಟೇ.

ಮತ್ತೆ ಉಂಡವರಿಗೆ ವಾಂತಿ ಯಾಕೆ? ಎಷ್ಟೋ ಸಲ ಹೇಸಿಗೆ, ಭಯ. ಪಂಕ್ತಿಯಲ್ಲಿ ಒಬ್ಬರು ಕಾರಿದರೆ ಪಕ್ಕದವರ ಹೊಟ್ಟೆಯೂ ತೊಳಸುತ್ತದೆ. ಹಲ್ಲಿಯ ಕರುಳಿನಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು, ನಿಜ. ಚೆನ್ನಾಗಿ ಕುದಿದರೆ ಅದು ಸಾಯುತ್ತದೆ. ಆರಿದ ಸಾಂಬಾರಿಗೆ ಬಿದ್ದರೆ ಬೆಳೆಯುತ್ತದೆ. ಆದರೆ ಅದರ ಕಾಯಿಲೆ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 6 ಗಂಟೆಯಾದರೂ ಬೇಕು. ಉಂಡ ಎರಡು ಮೂರು ಗಂಟೆಯಲ್ಲೇ ಸಾಲುಸಾಲಾಗಿ ವಾಂತಿಯಾದರೆ ನಾನು ಮೊದಲು ಕೇಳುವುದು ಬೇರೆ: ಅನ್ನ ಮಾಡಿಟ್ಟದ್ದು ಎಷ್ಟು ಹೊತ್ತಿಗೆ? ಬಡಿಸಿದವರ ಕೈಯಲ್ಲಿ ಕೀವಾದ ಗಾಯವಿತ್ತೇ? ಬೆಚ್ಚಗೆ ಹಾಗೇ ಉಳಿದ ಅನ್ನದಲ್ಲಿ, ಅಂಥ ಕೈ ಸೋಕಿದ ಅಡುಗೆಯಲ್ಲಿ ಬ್ಯಾಕ್ಟೀರಿಯಾಗಳು ಉಗುಳುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಹಲ್ಲಿ ಸಿಕ್ಕಿತೆಂದರೆ ಈ ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ. ನನಗೆ ಸಂಕಟವಾಗುವುದೇ ಅಲ್ಲಿ. ನಾಳೆಯೂ ಅದೇ ಅನ್ನ ಮಕ್ಕಳ ತಟ್ಟೆಗೆ ಬೀಳುತ್ತದೆ.

ಹಲ್ಲಿ ಬಿದ್ದ ಅಡುಗೆ ಚೆಲ್ಲಿ. ವಾಂತಿಭೇದಿ ಶುರುವಾದರೆ ಓಆರ್‌ಎಸ್ ಕುಡಿಸಿ. ನಿಲ್ಲದಿದ್ದರೆ, ಮಗು ಸುಸ್ತಾದರೆ ಆಸ್ಪತ್ರೆಗೆ ಹೋಗಿ.

ಹಲ್ಲಿಯ ಮೇಲೆ ಇನ್ನೊಂದು ಸುಳ್ಳು ಆರೋಪವೂ ಇದೆ. ಮಳೆಗಾಲದಲ್ಲಿ ಬೆಳಗ್ಗೆ ಎದ್ದಾಗ ಕತ್ತಿನ ಮೇಲೆ ಬರೆ ಎಳೆದಂತೆ ಕೆಂಪು ಗುಳ್ಳೆ ಎದ್ದಿದ್ದರೆ “ಹಲ್ಲಿ ಉಚ್ಚೆ ಹೊಯ್ದಿದೆ” ಎನ್ನುತ್ತೇವೆ. ಹಲ್ಲಿ ನಮ್ಮಂತೆ ನೀರುನೀರಾಗಿ ಉಚ್ಚೆ ಹೊಯ್ಯುವುದಿಲ್ಲ. ಹಿಕ್ಕೆಯ ತುದಿಯ ಬಿಳಿ ಚುಕ್ಕೆಯೇ ಅದರ ಮೂತ್ರ. ಇಂಥ ಗುಳ್ಳೆಗೆ ಹೆಚ್ಚಾಗಿ ಕಾರಣ, ಟ್ಯೂಬ್‌ಲೈಟಿಗೆ ಬರುವ ಇರುವೆಯಂಥ ಒಂದು ಕೇಸರಿ-ಕಪ್ಪು ಹುಳ. ಅದು ಕಚ್ಚುವುದಿಲ್ಲ, ಕುಟುಕುವುದಿಲ್ಲ. ನಿದ್ದೆಗಣ್ಣಲ್ಲಿ ಉಜ್ಜಿ ಹೊಸಕಿದಾಗ ಮೈಯೊಳಗಿನ ಪೆಡೆರಿನ್ ಎಂಬ ವಿಷ ಚರ್ಮಕ್ಕೆ ತಾಗುತ್ತದೆ. ಉರಿ ತಕ್ಷಣ ಏಳುವುದಿಲ್ಲ, ಒಂದು ದಿನ ಬಿಟ್ಟೂ ಏಳಬಹುದು; ಅಷ್ಟರಲ್ಲಿ ಹುಳ ಮರೆತುಹೋಗಿರುತ್ತದೆ, ಗೋಡೆಯ ಮೇಲಿನ ಹಲ್ಲಿ ಮಾತ್ರ ಕಾಣುತ್ತದೆ. ಆ ವಿಷವನ್ನು ತಯಾರಿಸುವುದೂ ಹುಳವಲ್ಲ, ಅದರೊಳಗೆ ಬಾಳುವ ಬ್ಯಾಕ್ಟೀರಿಯಾ!

ಹುಳ ಮೈಮೇಲೆ ಕೂತರೆ ಊದಿ ಹಾರಿಸಿ. ಹೊಸಕಿದ್ದೇ ಆದರೆ ಕೂಡಲೇ ಸೋಪು ಹಾಕಿ ತೊಳೆಯಿರಿ, ಆ ಕೈಯಲ್ಲಿ ಕಣ್ಣು ಮುಟ್ಟಬೇಡಿ.